ಸಜ್ಜಿಯನ್ನು ತಂದ ಗೋಣಿಚೀಲ

ನಾನು ಒಂದು ಗೋಣಿಚೀಲ. ಮೂಗು ಮುರಿಯಬೇಡಿ. ರೇಷ್ಮೆ ಸೀರೆಯ ಕಥೆಯಾದರೆ ನೀವು ಕಿವಿ ನಿಮಿರಿಸಿ ಕೇಳುತ್ತೀರಿ, ಇವತ್ತು ನನ್ನದನ್ನೂ ಸ್ವಲ್ಪ ಕೇಳಿ.

ನಾನು ಹುಟ್ಟಿದ್ದು ದೂರದ ಬಂಗಾಳದ ಸೆಣಬಿನ ಕಾರ್ಖಾನೆಯಲ್ಲಿ. ಅಂಚಿಗೆ ಹೊಲಿಗೆ ಬಿದ್ದು ಹೊರಬಂದಾಗ ಮೈಯೆಲ್ಲ ಎಣ್ಣೆ ವಾಸನೆ, ಜೊತೆಗೆ ಒಂದಿಷ್ಟು ಸೊಕ್ಕು. ಮೊದಲ ಬಾರಿ ಹೊಟ್ಟೆಗೆ ಗೋದಿ ತುಂಬಿದರು. ಗೂಡ್ಸ್ ಗಾಡಿಯಲ್ಲಿ ಬಂದು ಗದಗದಲ್ಲಿ ಇಳಿದೆ. ಹಮಾಲರು ಕೊಕ್ಕೆ ಹಾಕಿ ಎತ್ತಿದಾಗಲೇ ಸೊಕ್ಕು ಅರ್ಧ ಇಳಿದಿತ್ತು. ಗೋದಿ ಖಾಲಿಯಾದ ಮೇಲೆ ಅಂಗಡಿಯವನು ನನ್ನನ್ನು ಗುರುಪಾದಪ್ಪನ ಹಿಟ್ಟಿನ ಗಿರಣಿಗೆ ದಾಟಿಸಿದ. ಅಲ್ಲಿ ಜೋಳ, ಸಜ್ಜೆ, ಕಡಲೆ ಎಲ್ಲವನ್ನೂ ಹೊತ್ತೆ. ಇಲಿ ಕಡಿದಲ್ಲಿ ದಬ್ಬಣದಿಂದ ಹೊಲಿಸಿಕೊಂಡೆ.

ಆ ಗಿರಣಿಗೆ ಹೆಸರಿಗೆ ಗುರುಪಾದಪ್ಪ ಯಜಮಾನ. ನಡೆಯುತ್ತಿದ್ದದ್ದು ಅವನ ತಾಯಿ ನೀಲಗಂಗವ್ವನ ಮಾತು. ಕಣ್ಣಿಗೆ ಪೊರೆ ಬಂದರೂ ಮುದುಕಿಯ ಬಾಯಿಗೆ ಏನೂ ಬಂದಿರಲಿಲ್ಲ. ಅವಳದೊಂದು ಕಟ್ಟಳೆ ಇತ್ತು: ದಸರೆಯ ಖಂಡೆ ಪೂಜೆಯಲ್ಲಿ, ಅಂದರೆ ಆಯುಧ ಪೂಜೆಯಲ್ಲಿ, ಕುಂಕುಮ ಹಚ್ಚಿಸಿಕೊಂಡದ್ದು ಯಾವುದೂ ಮನೆ ಬಿಟ್ಟು ಹೋಗಕೂಡದು. ಹೀಗಾಗಿ ಸೊಟ್ಟಾದ ಹಳೆಯ ತಕ್ಕಡಿಯೂ ಗೋಡೆಗೆ ಆತು ನಿಂತೇ ಇತ್ತು. ಗುಜರಿಯವನು ಕೇಳಿದಾಗಲೆಲ್ಲ ಬೈಸಿಕೊಂಡು ಹೋಗುತ್ತಿದ್ದ. ನಮ್ಮಂಥ ಚೀಲಗಳಿಗೆ ಮಾತ್ರ ಆ ಭಾಗ್ಯ ಇರಲಿಲ್ಲ. ಪೂಜೆ ಕಬ್ಬಿಣಕ್ಕೆ, ಕಲ್ಲಿಗೆ. ನಮಗೆ ಬರೀ ಧೂಳು.

ಒಮ್ಮೆ ಗುರುಪಾದಪ್ಪನ ಹೆಂಡತಿಯ ಅಣ್ಣ ರುದ್ರಗೌಡ ನನ್ನಲ್ಲಿ ಜೋಳದ ಹಿಟ್ಟು ತುಂಬಿಕೊಂಡು ತನ್ನ ಹಳ್ಳಿಗೆ ಒಯ್ದ. ಶಾಲೆಗೆ ದಸರೆಯ ಸೂಟಿ ಶುರುವಾದ ದಿನ ನನ್ನನ್ನು ತಿರುಗಿ ತಂದ. ಖಾಲಿ ತರಲಿಲ್ಲ. ಅಲ್ಲಿಯವರೆಗೆ ನಾನು ಹೊತ್ತದ್ದೆಲ್ಲ ಮಿಸುಕದ ಸರಕು. ಅಂದು ನನ್ನೊಳಗೆ ಒಂದು ಪುಟ್ಟ ಎದೆ ಡವಡವ ಬಡಿದುಕೊಳ್ಳುತ್ತಿತ್ತು. ಹೆದರಿದ ಆ ಜೀವ ನನ್ನನ್ನು ಒದ್ದೆ ಮಾಡಿತು ಕೂಡ. ನನಗೆ ಸಿಟ್ಟು ಬರಲಿಲ್ಲ.

ಬಾಯಿ ಬಿಚ್ಚಿದ್ದೇ ತಡ, ಸಜ್ಜೆ ಬಣ್ಣದ ಹೆಣ್ಣು ನಾಯಿಮರಿಯೊಂದು ಹೊರಗೆ ಉರುಳಿತು. ಗುರುಪಾದಪ್ಪನ ಒಬ್ಬಳೇ ಮಗಳು ಗಿರಿಜಾ ಕಿರುಚಿದ ದನಿಗೆ ಯಂತ್ರದ ಸದ್ದೂ ಅಡಗಿತು. ಜೊತೆಗೆ ಆಡುವವರಿಲ್ಲದೆ ಪ್ರತಿ ಸೂಟಿಯನ್ನೂ ಚೀಲಗಳ ಮೇಲೆ ಕೂತು ಕಳೆದ ಹುಡುಗಿ ಅವಳು. ಅಲ್ಲೇ 'ಸಜ್ಜಿ' ಎಂದು ಹೆಸರಿಟ್ಟಳು.

"ಹಿಟ್ಟಿನ ಗಿರಣ್ಯಾಗ ನಾಯಿ!" ನೀಲಗಂಗವ್ವ ಗುಡುಗಿದಳು. "ಹಿಟ್ಟಿನಾಗ ಒಂದ್ ಕೂದಲಾ ಸಿಕ್ಕರ ಈ ಕಡೆ ಯಾರ್ ಹಾಯ್ತಾರ? ಅದೂ ಹೆಣ್ಣ ಕುನ್ನಿ!"

"ಸೂಟಿ ಮುಗಿಯೂತನಕಾ ಇರ್ಲಿ ಬಿಡವಾ," ಎಂದ ಗುರುಪಾದಪ್ಪ.

"ಬನ್ನಿ ಎಲಿ ಕೊಡಾಕ ಗೌಡ್ರು ಬರ್ತಾರಲ್ಲ, ಅವತ್ತ ಒಯ್ಯಲಿ. ಅದರ ಮ್ಯಾಲ ಒಂದ್ ದಿನಾ ಇರಬಾರ್ದು."

ಗಿರಿಜಾಳ ಮುಖ ಸಪ್ಪಗಾಯಿತು. ಆದರೂ ಹುಡುಗಿ ಕೈಕಟ್ಟಿ ಕೂರಲಿಲ್ಲ. ನನ್ನನ್ನು ಒಗೆದು, ಒಣಗಿಸಿ, ಹೊರಗಿನ ಕಟ್ಟೆಯ ಮೇಲೆ ಹಾಸಿದಳು. ಹೊಸ್ತಿಲು ದಾಟಬಾರದೆಂದು ಸಜ್ಜಿಗೆ ಕಲಿಸಿದಳು. ಸಜ್ಜಿ ಕಲಿತಳು, ನೀಲಗಂಗವ್ವನ ಸೆರಗಿನ ಹಿಂದೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಮುದುಕಿ "ಹಚಾ! ಹಚಾ!" ಎನ್ನುವಳು. ಸಂಜೆ ಅದೇ ಮುದುಕಿಯ ಕೈಯಿಂದ ರೊಟ್ಟಿಯ ತುಂಡೊಂದು ನನ್ನ ಮೇಲೆ ಜಾರಿ ಬೀಳುವುದು. ರೊಟ್ಟಿ ತಟ್ಟುವ ಕೈ ಅಷ್ಟು ಸಡಿಲವೇ ಎಂದು ನನಗೆ ಆಗಲೇ ಅನುಮಾನ.

ಖಂಡೆ ಪೂಜೆ ಬಂತು. ಗಿರಣಿ ನಿಲ್ಲಿಸಿ ಎಲ್ಲವನ್ನೂ ತೊಳೆದರು. ತಕ್ಕಡಿ, ತೂಕದ ಕಲ್ಲು, ಅಳತೆಯ ಸೇರುಗಳನ್ನೆಲ್ಲ ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದರು. ಸಾಲಿನ ತುದಿಯಲ್ಲಿ ನಾನು, ನನ್ನ ಮೇಲೆ ಸಜ್ಜಿ. ಗುಡಿಸಿ ಹಾಕಿದ ಹಿಟ್ಟಿನಲ್ಲಿ ಹೊರಳಾಡಿ ಬೆಳ್ಳಗಾಗಿ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದಳು. ಗಿರಿಜಾ ಹೂ ತರಲು ಹೋಗಿದ್ದಳು, ಗುರುಪಾದಪ್ಪ ಒಳಗೆ ಕಾಯಿ ಸುಲಿಯುತ್ತಿದ್ದ. ನೀಲಗಂಗವ್ವ ಒಂದೊಂದನ್ನೇ ಕೈಯಿಂದ ಸವರಿ ವಿಭೂತಿ, ಕುಂಕುಮ ಹಚ್ಚುತ್ತ ಬಂದಳು. ನಮ್ಮ ಬಳಿ ಬಂದು ಸಜ್ಜಿಯ ಹೊಟ್ಟೆಯ ಮೇಲೆ ಕೈ ಇಟ್ಟಳು.

ಬೆಚ್ಚಗಿನ ಹೊಟ್ಟೆ ಏರಿತು, ಇಳಿಯಿತು. ಕೈ ಅಲ್ಲೇ ನಿಂತಿತು. ಇನ್ನೇನು "ಹಚಾ" ಬಂತು ಎಂದು ನಾನು ಕಾದೆ.

"ಅಲ್ಲಾಡಬ್ಯಾಡ," ಎಂದಳು ಮುದುಕಿ ಮೆಲ್ಲಗೆ. ಹಣೆಗೆ ವಿಭೂತಿ ಎಳೆದಳು, ನಡುವೆ ಕುಂಕುಮ ಇಟ್ಟಳು. ಒಂದು ಚಿಟಿಕೆ ನನ್ನ ಮೇಲೂ ಉದುರಿತು. ಆಮೇಲೆ ಏನೂ ಆಗದವಳಂತೆ ಒಳಗೆ ಹೋದಳು.

ಹೂ ತಂದ ಗಿರಿಜಾ ಆ ಹಣೆ ನೋಡಿ ಕೂಗಲು ಹೋದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. ಕಣ್ಣು ಕಾಣದ ಅಜ್ಜಿ ಎಡವಿದ್ದಾಳೆ, ಈಗಲೇ ಹೇಳಿದರೆ ಒರೆಸಿಬಿಡುತ್ತಾಳೆ ಎಂದು ಅವಳ ಲೆಕ್ಕ. ಅವತ್ತೆಲ್ಲ ಸಜ್ಜಿಯನ್ನು ಮಡಿಲಲ್ಲಿ ಇಟ್ಟುಕೊಂಡು ಆ ಕುಂಕುಮ ಕಾದಳು.

ಮರುದಿನ ವಿಜಯದಶಮಿ. ಬಂಗಾರವೆಂದು ಹಂಚುವ ಬನ್ನಿ ಎಲೆ ಹಿಡಿದು ರುದ್ರಗೌಡ ಬಂದ. ಸಜ್ಜಿಯನ್ನು ನನ್ನೊಳಗೆ ಇಳಿಸಲು ಬಗ್ಗಿದ. ನನ್ನ ಎಳೆ ಎಳೆಯೂ ಬಿಗಿಯಿತು.

"ಮಾಮಾ, ತಡೀ!" ಗಿರಿಜಾ ಅಡ್ಡ ನಿಂತಳು. "ಆಯೀ, ಇದರ ಹಣಿ ನೋಡು. ನೀನ ಪೂಜಾ ಮಾಡೀದಿ. ಪೂಜಾ ಆದದ್ದು ಮನಿ ಬಿಟ್ಟು ಹೋಗಂಗಿಲ್ಲ ಅಂದಾಕಿ ನೀನ!"

ಗುರುಪಾದಪ್ಪ ಹೊಟ್ಟೆ ಹಿಡಿದು ನಕ್ಕ. ನೀಲಗಂಗವ್ವ ಸೆರಗು ಸರಿಮಾಡಿಕೊಂಡಳು.

"ಪೊರಿ ಬಂದ ಕಣ್ಣು. ತೂಕದ ಕಲ್ಲು ಅಂತ ತಿಳಕೊಂಡೆ. ಈಗೇನ್ ಮಾಡೂದ್ರೀ ಗೌಡ್ರ? ಆದ ಪೂಜಾ ಆತು."

ಎಲ್ಲರಿಗೂ ಬನ್ನಿ ಕೊಟ್ಟ ಮೇಲೆ ಅವಳು ಬಗ್ಗಿ ಸಜ್ಜಿಯ ತಲೆಯ ಮೇಲೂ ಒಂದು ಎಲೆ ಇಟ್ಟಳು. "ತಗೋ, ಬಂಗಾರದಂಗ ಇರೋಣು." ಗಿರಿಜಾ ಕುಣಿದಳು, ಸಜ್ಜಿ ಎಲೆಯನ್ನು ತಿಂದಳು, ರುದ್ರಗೌಡ ಬರಿಗೈಯಲ್ಲಿ ನಗುತ್ತ ಊರಿಗೆ ಹೋದ. ನಾನು ಗೆದ್ದ ಪೈಲ್ವಾನನ ಹಾಗೆ ಕಟ್ಟೆಯ ಮೇಲೆ ಹರಡಿಕೊಂಡು ಬಿದ್ದಿದ್ದೆ.

ಈಗ ನನಗೆ ವಯಸ್ಸಾಗಿದೆ. ಬೆಳಕಿಗೆ ಹಿಡಿದರೆ ನನ್ನ ಮೂಲಕ ಬೀದಿ ಕಾಣುತ್ತದೆ. ಸಜ್ಜಿಯ ಮೂತಿ ಬೆಳ್ಳಗಾಗಿದೆ. ಅವಳ ಮರಿಗಳು ಓಣಿಓಣಿಯಲ್ಲೂ ಇವೆ. ಗಿರಣಿಗೆ ಬರುವ ಗಿರಾಕಿಗಳು ಮೊದಲು ಅವಳನ್ನು ಮಾತಾಡಿಸಿ ಆಮೇಲೆ ಸಾಲಿನಲ್ಲಿ ಪಾಳಿ ಹಚ್ಚುತ್ತಾರೆ. ಮೊನ್ನೆ ಗುಜರಿಯವನು ಬಂದು ನನ್ನನ್ನು ಕಾಲಿನಿಂದ ಸರಿಸಿದ. "ಈ ಹರಕ್ ಚೀಲಾನಾದ್ರೂ ಕೊಡ್ರಿ."

ಗುರುಪಾದಪ್ಪ ತಲೆ ಆಡಿಸಿಯೇಬಿಟ್ಟಿದ್ದ. ಒಳಗಿನಿಂದ ಮುದುಕಿಯ ದನಿ ಬಂತು.

"ಅದನ್ನ ಮುಟ್ಟಬ್ಯಾಡ! ಸಜ್ಜಿಗೆ ಕುಂಕುಮಾ ಹಚ್ಚೂ ಮುಂದ ಅದರ ಮ್ಯಾಲೂ ಉದುರೇತಿ. ನಾನ ಕಣ್ಣಾರೆ ನೋಡೀನಿ."

ಈಗ ಕಾಲೇಜಿಗೆ ಹೋಗುವ ಗಿರಿಜಾ ಓದುತ್ತಿದ್ದ ಪುಸ್ತಕ ಕೆಳಗಿಟ್ಟಳು.

"ಆಯೀ, ಅವತ್ತ ನಿನಗ ಕಣ್ಣ ಕಾಣಲಿಲ್ಲ ಅಂದಿದ್ದಿಯಲ್ಲ?"

ನೀಲಗಂಗವ್ವ ಕೇಳಿಸದವಳ ಹಾಗೆ ರೊಟ್ಟಿಯ ತುಂಡು ಹಿಡಿದು ಹೊರಗೆ ಬಂದಳು. ಈ ಸಲ ಅದು ಜಾರಿ ಬೀಳಲಿಲ್ಲ. ಎಲ್ಲರ ಎದುರಿಗೇ ಬಗ್ಗಿ ಸಜ್ಜಿಯ ಬಾಯಿಗೆ ಇಟ್ಟಳು. ಬಗ್ಗಿದಾಗ ಒಂದು ಕೈ ನನ್ನ ಮೇಲೆ ಊರಿದ್ದಳು. ಒಂದು ಗೋಣಿಚೀಲಕ್ಕೆ ಇದಕ್ಕಿಂತ ಇನ್ನೇನು ಬೇಕು?