ಎಡಮಗ್ಗಲು, ಬಲಮಗ್ಗಲು

"ಹೊರಳಿಸ್ರೇ, ಬೆನ್ನಿಗೆ ನೀರು ಹಾಕ್ಬೇಕು" ಎಂದು ದಸ್ತಗಿರಮ್ಮ ಹೇಳುವಷ್ಟರಲ್ಲಿ ನಾಗಜ್ಯೋತಿ ಅಜ್ಜಿಯ ಹೆಗಲ ಕೆಳಗೊಂದು ಕೈ, ಸೊಂಟದ ಕೆಳಗೊಂದು ಕೈ ಕೊಟ್ಟು ಸಿದ್ಧವಾಗಿದ್ದಳು. ಮನುಷ್ಯರನ್ನು ಮಗ್ಗಲು ಹೊರಳಿಸುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕರ್ನೂಲಿನಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಎರಡನೇ ವರ್ಷದ ನರ್ಸಿಂಗ್ ಓದುತ್ತಿದ್ದಳು. ಬೆಳಗಿನ ಜಾವ ಅಪ್ಪನ ಫೋನು ಬಂದದ್ದೇ ಮೊದಲ ಬಸ್ಸು ಹಿಡಿದು ಆದವಾನಿಗೆ ಬಂದಿದ್ದಳು.

ಹಿತ್ತಿಲಲ್ಲಿ ಎರಡು ಸೀರೆ ಅಡ್ಡ ಕಟ್ಟಿ ಹೆಂಗಸರು ಗಿಡ್ಡಮ್ಮನಿಗೆ ಕೊನೆಯ ನೀರು ಹಾಕುತ್ತಿದ್ದರು. ಸೊಸೆ ಈಶ್ವರಿ, ನಾಗಜ್ಯೋತಿಯ ಅವ್ವ, ಚೊಂಬಿನಿಂದ ಸುರಿಯುತ್ತಿದ್ದಳು. ಗಿಡ್ಡಮ್ಮನ ಜೊತೆ ಹತ್ತಿ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದ ದಸ್ತಗಿರಮ್ಮ ಅರಿಶಿನ ಹಚ್ಚುತ್ತಿದ್ದಳು. ಹಾಲಹರವಿಯಿಂದ ಆಗತಾನೇ ಬಂದಿಳಿದ ಮಗಳು ಜಂಬಮ್ಮ ತಾಯಿಯ ತಲೆ ಹಿಡಿದು ಕೂತಿದ್ದಳು.

ಹೆಣ ಮಗ್ಗಲಾಯಿತು. ಸೊಂಟದ ಕೆಳಗೆ, ಎಲುಬು ಉಬ್ಬಿರುವ ಕಡೆ ಕಟ್ಟಿದ್ದ ಬಟ್ಟೆ ನೀರಿಗೆ ನೆನೆದು ಜಾರಿತು. ಅಂಗೈಯಗಲದ ಹುಣ್ಣು, ಒಳಗೆ ಕಪ್ಪಗೆ, ಆಳ. ವಾಸನೆಗೆ ಒಬ್ಬಾಕೆ ಸೆರಗು ಮೂಗಿಗೆ ಒತ್ತಿಕೊಂಡಳು.

"ಅಯ್ಯೋ ನನ್ನವ್ವಾ!" ಎಂದು ಜಂಬಮ್ಮ ಕಿರುಚಿದಳು. "ಇದೇನು ಗತಿ ಮಾಡ್ಯಾಳ ನಿನಗ! ಹುಳ ಬೀಳೋ ಹಂಗ ಕೊಳಸ್ಯಾಳಲ್ಲೇ!"

ಎದ್ದು ಬಂದು ಈಶ್ವರಿಯ ಕೈಯಿಂದ ಚೊಂಬು ಕಿತ್ತುಕೊಂಡಳು. "ನೀ ಮುಟ್ಟಬ್ಯಾಡ. ಇದ್ದಾಗ ಮುಟ್ಟದಾಕಿ ಸತ್ತ ಮ್ಯಾಲ ಯಾಕ ಮುಟ್ತಿ? ದೂರ ನಿಂದ್ರು."

ಈಶ್ವರಿ ಸೀರೆಯ ಮರೆಯಿಂದಾಚೆ ಹೋಗಿ ನಿಂತಳು. ನಾಗಜ್ಯೋತಿಯ ಕೈ ಇನ್ನೂ ಅಜ್ಜಿಯ ಸೊಂಟದ ಕೆಳಗೇ ಇತ್ತು. ಆ ಹುಣ್ಣು ಹುಟ್ಟಿದ ದಿನ ಅವಳಿಗೆ ಗೊತ್ತಿತ್ತು. ಅದು ಹುಟ್ಟಿದಾಗ ಈಶ್ವರಿ ಈ ಮನೆಯಲ್ಲೇ ಇರಲಿಲ್ಲ.

*

ಗಿಡ್ಡಮ್ಮ ಹಗಲು ಮಲಗಿದ್ದನ್ನು ಕಂಡವರಿಲ್ಲ. ಕೂದಲಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡೇ ಮನೆಗೆ ಬಂದು, ನಿಂತೇ ಚಹಾ ಕುಡಿದು, ನಿಂತೇ ಬೈದು, ನಿಂತೇ ರೊಟ್ಟಿ ತಟ್ಟುವ ಹೆಂಗಸು. ಯಾರ ಹತ್ತಿರವೂ ಕಾಲು ಒತ್ತಿಸಿಕೊಂಡವಳಲ್ಲ. ಮೊಮ್ಮಗಳು ನರ್ಸಿಂಗ್ ಸೇರಿದ ಮೇಲೆ ಮಾತ್ರ ರಜೆಗೆ ಬಂದ ಹುಡುಗಿಯ ಮುಂದೆ ತಾನಾಗಿ ತೋಳು ಚಾಚುತ್ತಿದ್ದಳು. "ಬಿ.ಪಿ. ನೋಡೇ. ನಾ ಅಲ್ಲಾಡೋದಿಲ್ಲ." ಬಿ.ಪಿ. ಇದ್ದರೂ ಇಲ್ಲದಿದ್ದರೂ ಓಣಿಗೆಲ್ಲ ಸಾರಿಕೊಂಡು ಬರುತ್ತಿದ್ದಳು. "ನಮ್ಮ ನರ್ಸಮ್ಮ ನೋಡ್ಯಾಳ, ಏನೂ ಇಲ್ಲಂತ."

ಅಂಥವಳಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು, ಮಾತೂ ಹೋಯಿತು. ಒಂದೂವರೆ ವರ್ಷ ಈಶ್ವರಿ ಅವಳ ಉಚ್ಚೆ ಹೇಲು ಬಳಿದಳು, ಬಾಯಿ ತೊಳೆದಳು, ಹಗಲೂ ರಾತ್ರಿ ಎಡಕ್ಕೆ ಬಲಕ್ಕೆ ಹೊರಳಿಸಿದಳು. ಬೆನ್ನ ಮೇಲೆ ಒಂದು ಗೀರು ಬೀಳಲಿಲ್ಲ. ಎರಡು ಗಂಟೆಗೊಮ್ಮೆ ಹೊರಳಿಸಬೇಕೆಂದು ಮೊದಲ ವಾರ ನಾಗಜ್ಯೋತಿಯೇ ಹೇಳಿಕೊಟ್ಟಿದ್ದಳು. ಈಶ್ವರಿಗೆ ಗಡಿಯಾರ ನೋಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ.

ತಿಂಗಳ ಹಿಂದೆ ಪತ್ತಿಕೊಂಡದಲ್ಲಿ ಈಶ್ವರಿಯ ತಾಯಿಗೆ ಕಣ್ಣಿನ ಆಪರೇಷನ್ ಆಯಿತು. ನಾಗಜ್ಯೋತಿ ಪರೀಕ್ಷೆಗೆ ಓದಿಕೊಳ್ಳಲೆಂದು ಮನೆಗೆ ಬಂದಿದ್ದಳು. "ಹೋಗಿ ಬಾರವ್ವ, ನಾ ಓದೋದಽ ಇದು" ಎಂದು ಅವ್ವನನ್ನು ಆರು ದಿನಕ್ಕೆ ತವರಿಗೆ ಕಳಿಸಿದಳು. ಕಳಿಸಿ, ಆಸ್ಪತ್ರೆಯಲ್ಲಿರುವಂತೆ ಒಂದು ಚಾರ್ಟು ಮಾಡಿ ಗೋಡೆಗೆ ಅಂಟಿಸಿದಳು. ಎಡಮಗ್ಗಲು, ಬಲಮಗ್ಗಲು, ಬೆನ್ನು. ಪಕ್ಕದಲ್ಲಿ ಗಂಟೆ.

ಮೊದಲ ದಿನ ಎಲ್ಲವೂ ಅಚ್ಚುಕಟ್ಟು. ಎರಡನೇ ದಿನ ಮಧ್ಯಾಹ್ನ ಓದುತ್ತ ಓದುತ್ತ ತೂಕಡಿಸಿದಳು. ಎದ್ದು ನೋಡಿದರೆ ಚಾರ್ಟಿನಲ್ಲಿ ಎರಡು ಮನೆ ಖಾಲಿ, ತುಂಬಿಸಿದಳು. ಮೂರನೇ ದಿನದಿಂದ ಬೆಳಿಗ್ಗೆಯೇ ಇಡೀ ದಿನದ ಗುರುತು ಹಾಕಿಬಿಡತೊಡಗಿದಳು, ಮತ್ತೆ ಮತ್ತೆ ಯಾರು ಏಳುತ್ತಾರೆ ಎಂದು. ಮಾಡದ್ದನ್ನು ಬರೆಯುವ ನರ್ಸು ರೋಗಿಯ ವೈರಿ ಎಂದು ಅವರ ಮೇಡಂ ತರಗತಿಯಲ್ಲಿ ಮೇಜು ಗುದ್ದಿ ಹೇಳಿದ್ದರು. ಅದನ್ನೂ ಅವಳು ನೋಟುಬುಕ್ಕಿನಲ್ಲಿ ದುಂಡಗೆ ಬರೆದುಕೊಂಡಿದ್ದಳು.

ಗಿಡ್ಡಮ್ಮ ಎಡಗೈಯಲ್ಲಿ ಮಂಚದ ಪಟ್ಟಿ ಕುಟ್ಟುತ್ತಿದ್ದಳು. ಟಕ್, ಟಕ್. "ಬಂದೆ ಅಜ್ಜಿ, ಇದೊಂದು ಪುಟ" ಎಂದು ನಾಗಜ್ಯೋತಿ ಕೂತಲ್ಲಿಂದಲೇ ಕೂಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕುಟ್ಟುವುದು ನಿಲ್ಲುತ್ತಿತ್ತು. ಐದನೇ ದಿನ ಬಟ್ಟೆ ಬದಲಿಸುವಾಗ ಕೆಂಪಗಾಗಿದ್ದು ಕಂಡಿತು, ಆರನೇ ದಿನ ಚರ್ಮ ಕಿತ್ತಿತ್ತು. ಮುಲಾಮು ಹಚ್ಚಿ ಬಟ್ಟೆ ಕಟ್ಟಿ, ಅವ್ವ ಬಂದ ಸಂಜೆಯೇ ಬಸ್ಸು ಹತ್ತಿದಳು.

*

ಅಂಗಳದಲ್ಲಿ ಹೆಣವನ್ನು ಹೂವಿನ ಮಧ್ಯೆ ಮಲಗಿಸಿದ್ದರು. ಜಂಬಮ್ಮನ ಬಾಯಿ ನಿಂತಿರಲಿಲ್ಲ. ಬಂದ ಬಂದವರಿಗೆಲ್ಲ ಹುಣ್ಣಿನ ಅಳತೆ ಹೇಳುತ್ತಿದ್ದಳು, ಹೇಳಿದಷ್ಟೂ ಅದು ದೊಡ್ಡದಾಗುತ್ತಿತ್ತು.

"ಪಾಪಂ ಮುಸಲಮ್ಮ" ಎಂದಳೊಬ್ಬ ನೆರೆಯಾಕೆ ತೆಲುಗಿನಲ್ಲಿ. ಮುದುಕಿಗೆ ಮರುಗಿ ಸೊಸೆಯನ್ನು ದುರುಗುಟ್ಟಿ ನೋಡಿದಳು.

ನಾಗಜ್ಯೋತಿಯ ಅಪ್ಪ ಆಂಜಿನೇಯನಿಗೆ ತಾಳಲಾಗಲಿಲ್ಲ. ಒಳಗೆ ಹೋಗಿ ಗೋಡೆಯ ಚಾರ್ಟು ಕಿತ್ತು ತಂದು ಅಕ್ಕನ ಮುಂದೆ ಹಿಡಿದ. "ನೋಡಕ್ಕ, ಹೊರಳಿಸಿಲ್ಲ ಅಂತೀಯಲ್ಲ. ಹೊತ್ತು ಹೊತ್ತಿಗೂ ಹೊರಳಿಸ್ಯಾರ. ಇಲ್ಲೈತಿ ನೋಡು."

ಪಾಪ, ಹೆಂಡತಿಯನ್ನು ಉಳಿಸಲು ಹೋಗಿ ಅವಳ ಕೊರಳಿಗೇ ಹಗ್ಗ ತಂದುಕೊಟ್ಟಿದ್ದ.

"ಯಾರು ಬರದಿದ್ದು?"

"ಜ್ಯೋತಿ. ಈಶ್ವರಿ ಊರಿಗೆ ಹೋದಾಗ."

"ಆರು ದಿನ ಐತಿ. ಆಮ್ಯಾಲಿಂದು ಎಲ್ಲಿ?" ಜಂಬಮ್ಮ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದಳು. "ನೋಡ್ರೇ! ಓದೋ ಹುಡುಗಿ ಒಂದು ಹೊತ್ತು ತಪ್ಪಿಸಿಲ್ಲ. ಆಕಿ ಅತ್ತಾಗ ಹೋಗಿದ್ದಽ ತಡ, ಈಕಿ ಕೈ ಬಿಟ್ಟಾಳ. ಮತ್ತೇನು ಹೇಳ್ಬೇಕು?"

ಈಶ್ವರಿ ತುಳಸಿಕಟ್ಟೆಯ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ಈಗ ಹೇಳದಿದ್ದರೆ ಈ ಹೆಸರು ಅವ್ವನಿಗೆ ಸಾಯುವ ತನಕ ಅಂಟಿಕೊಳ್ಳುತ್ತದೆ ಎಂದು ನಾಗಜ್ಯೋತಿಗೆ ಗೊತ್ತಾಯಿತು.

"ಅತ್ತೀ, ಅದು ಸುಳ್ಳು" ಎಂದಳು. "ನಾನಽ ಮುಂಚೇನ ಗುರುತು ಹಾಕಿದ್ದೆ. ಹೊರಳಿಸಿಲ್ಲ. ಅಜ್ಜಿ ಮಂಚ ಕುಟ್ಟಿದ್ರೂ ನಾ ಏಳಲಿಲ್ಲ. ಹುಣ್ಣು ಆದದ್ದು ನನ್ನಿಂದ."

ಜಂಬಮ್ಮ ಅವಳ ಮುಖವನ್ನೇ ನೋಡಿದಳು. ನೋಡಿ, ಬರಸೆಳೆದು ಎದೆಗೆ ಒತ್ತಿಕೊಂಡಳು.

"ನೋಡ್ರೇ ಈ ಕೂಸಿನ ಗುಣ! ಅವ್ವನ ತಪ್ಪು ತನ್ನ ತಲೀ ಮ್ಯಾಲ ಹೊತ್ಕೊಳ್ತಾಳ."

"ಇಲ್ಲ ಅತ್ತೀ, ಖರೇನ..."

"ಆಕಿ ಮಾತು ಕೇಳ್ಬ್ಯಾಡ್ರಿ ಅಕ್ಕ." ಈಶ್ವರಿಯ ಧ್ವನಿ. ಬೆಳಗಿನಿಂದ ಅವಳು ಆಡಿದ ಮೊದಲ ಮಾತು. "ನಾನಽ ಹೊರಳಿಸಿಲ್ಲ. ಬ್ಯಾಸರಾಗಿತ್ತು."

ಕೂತ ಹೆಂಗಸರ ಬಾಯಿಂದ ಒಂದು ಉದ್ಗಾರ ಹೊರಟಿತು. ದಸ್ತಗಿರಮ್ಮ ಕೂಡ ಮುಖ ತಿರುಗಿಸಿಕೊಂಡಳು. ಆಂಜಿನೇಯ ಹೆಂಡತಿಯನ್ನು ಪರಕೀಯಳಂತೆ ನೋಡುತ್ತ ನಿಂತ.

ನಾಗಜ್ಯೋತಿ ಅವ್ವನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಯಾಕವ್ವ ಹಂಗಂದಿ? ನಿನಗ ಗೊತ್ತಿತ್ತಾ?"

"ಬಂದ ದಿನಾನ ಗೊತ್ತಾತು. ಹಾಸಿಗಿ ನಡುವಿನ್ಯಾಗ ಒಂದಽ ಕಡಿ ಕುಣಿ ಬಿದ್ದಿತ್ತು. ಮಗ್ಗಲು ತಿರುಗಿದ ಮನುಷಾರ ಹಾಸಿಗಿ ಹಂಗ ಇರೂದಿಲ್ಲ."

"ಮತ್ತ ಬೈಲಿಲ್ಲ ಯಾಕ?"

"ಏನಂತ ಬೈಲಿ? ಆಮ್ಯಾಲೆ ನಾ ತಾಸಿಗೊಮ್ಮೆ ಹೊರಳಿಸಿದೆ. ಮಾಯಲಿಲ್ಲ." ಈಶ್ವರಿ ಮಗಳ ಕೈ ಬಿಡಿಸಿಕೊಂಡಳು. "ನನಗ ಕೆಟ್ಟ ಸೊಸಿ ಅಂತಾರ. ಅಷ್ಟೇ. ನಿನಗ ಆ ಹೆಸರು ಬಂದ್ರ ನಿನ್ನ ಕೈಯಾಗ ಯಾರು ಮೈ ಕೊಡ್ತಾರ? ಸುಮ್ನಿರು."

ಹೊರಗೆ ಹೆಣ ಎತ್ತುವ ಗಲಾಟೆ ಎದ್ದಿತು. ನಾಗಜ್ಯೋತಿ ಇನ್ನೊಂದು ಸಲ ಹೋಗಿ ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಅವಳೊಳಗೆ ಒಂದು ಕಡೆ, ಸಣ್ಣಗೆ, ಬಚಾವಾದೆ ಎನಿಸಿತ್ತು. ಅದಕ್ಕಾಗಿ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

*

ಗಂಡಸರು ಮಣ್ಣು ಮಾಡಿ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಜಂಬಮ್ಮ ಈ ಮನೆಯಲ್ಲಿ ಹನಿ ನೀರು ಮುಟ್ಟುವುದಿಲ್ಲವೆಂದು ಚೀಲ ಹಿಡಿದು ಆಟೊ ಹತ್ತಲು ನಿಂತಿದ್ದಳು. ತಮ್ಮ ಕೈಮುಗಿದರೂ ಕೇಳಲಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಈಶ್ವರಿ ಒಬ್ಬಳೇ ಹಂಡೆ ಉಜ್ಜುತ್ತಿದ್ದಳು. ಯಾರೂ ಅವಳ ಹತ್ತಿರ ಸುಳಿಯಲಿಲ್ಲ.

ಜಂಬಮ್ಮ ನಾಗಜ್ಯೋತಿಯನ್ನು ಬಾಗಿಲಲ್ಲಿ ಹಿಡಿದು ನಿಲ್ಲಿಸಿದಳು.

"ನನಗೂ ಸಕ್ಕರಿ ಕಾಯಿಲೆ ಐತಿ. ಇವತ್ತಲ್ಲ ನಾಳೆ ನಾನೂ ಹಾಸಿಗಿ ಹಿಡಿಯಾಕಿನಽ. ನನ್ನ ಸೊಸಿ ಕೈಯಾಗ ಬಿಡಬ್ಯಾಡ ನನ್ನ. ನೀ ಬರ್ಬೇಕು. ಬರ್ತೀನಿ ಅನ್ನು."

ನಾಗಜ್ಯೋತಿ ಹಿತ್ತಿಲ ಕಡೆ ನೋಡಿದಳು. ಈಶ್ವರಿ ಉಜ್ಜುವುದನ್ನು ನಿಲ್ಲಿಸಿದ್ದಳು. ಬೂದಿ ಮೆತ್ತಿದ ಕೈ ಹಾಗೇ ಹಂಡೆಯ ಮೇಲಿಟ್ಟು, ಹ್ಞೂಂ ಅನ್ನು ಎಂಬಂತೆ ಮಗಳಿಗೆ ತಲೆಯಾಡಿಸಿದಳು.

"ಬರ್ತೀನಿ ಅತ್ತೀ."

ಜಂಬಮ್ಮ ಅವಳ ಎರಡೂ ಅಂಗೈಗಳನ್ನು ಬಿಡಿಸಿ, ಒಂದಾದ ಮೇಲೊಂದು ಮುತ್ತಿಟ್ಟು, ಕಣ್ಣಿಗೆ ಒತ್ತಿಕೊಂಡಳು.