ಎಡಕ್ಕೆ ವಾಲಿದ ಎಲೆಗಳು

ಗೋದಾಮಿನ ಗೋಡೆಯುದ್ದಕ್ಕೂ ಬಿಗಿದು ಕಟ್ಟಿದ್ದ ಆ ಬಿಳಿ ಬಟ್ಟೆ ಈಗಲೂ ಒಮ್ಮೊಮ್ಮೆ ಕಣ್ಣೆದುರು ಬಂದು ನಿಲ್ಲುತ್ತದೆ. ಎರಡಾಳೆತ್ತರ, ಆ ತುದಿಯಿಂದ ಈ ತುದಿಯವರೆಗೆ ಒಂದು ಗೀರೂ ಇಲ್ಲ. ನಾನೊಬ್ಬಳೇ ಬರೆಯಬೇಕಿದ್ದ ಮೊದಲ ನಾಟಕದ ಪರದೆ ಅದು. ಬೆಳಿಗ್ಗೆ ಬಾಗಿಲು ತೆಗೆಯುವುದು, ಅದನ್ನೊಮ್ಮೆ ನೋಡುವುದು, ಚಹಾದ ನೆಪ ಹೇಳಿಕೊಂಡು ಹೊರಗೆ ಓಡುವುದು. ಸ್ವತಂತ್ರಳಾದೆನೆಂದು ಊರಿಗೆಲ್ಲ ಸಾರಿಕೊಂಡು ಬಂದವಳ ದಿನಚರಿ ಇದು.

ಅಲ್ಲಿಯವರೆಗೆ ನಾನು ಮೌನಪ್ಪ ಮಾಸ್ತರರ ಕೈಕೆಳಗಿದ್ದವಳು. ಸುತ್ತಲಿನ ನಾಟಕ ಕಂಪನಿಗಳ ಅರಮನೆ, ಬೀದಿ, ಕಾಡು ಎಲ್ಲ ಅವರ ಕುಂಚದಿಂದಲೇ ಹುಟ್ಟಿದ್ದವು. ಕಸುಬು ಕಲಿಸುವುದರಲ್ಲಿ ಅವರು ಜಿಪುಣರಲ್ಲ. ಬಣ್ಣಕ್ಕೆ ಅಂಟು ಎಷ್ಟು ಕಲಸಬೇಕು, ಹಗಲಿನ ನೀಲಿ ದೀಪದ ಬೆಳಕಿಗೆ ಹೇಗೆ ಕಪ್ಪಾಗುತ್ತದೆ, ಆಗಾಗ ಹಿಂದೆ ಹೋಗಿ ಕೊನೆಯ ಸಾಲಿನವನ ಕಣ್ಣಿನಿಂದ ಏಕೆ ನೋಡಬೇಕು, ಎಲ್ಲ ಹೇಳಿಕೊಟ್ಟರು. ಆದರೆ ಯಾರು ಬರೆದರೂ ಪರದೆಯ ಮೂಲೆಯಲ್ಲಿ ಅವರ ಹೆಸರೇ ಇರಬೇಕು. ನನ್ನ ಪರದೆ ನಾನೇ ಬರೆಯುತ್ತೇನೆಂದು ಹೊರಟಾಗ ಅವರು ನಕ್ಕರು.

"ಹೋಗಿ ಬಾರವ್ವಾ. ಆದ್ರ ತಿರುಗಿ ಬಂದ್ರ ಕುಂಚ ತೊಳಿಯೋ ಕೆಲಸ ಅಷ್ಟ ಸಿಗತೈತಿ, ನೆನಪಿರಲಿ."

ಬೈದಿದ್ದರೇ ಚೆನ್ನಾಗಿತ್ತು. ಆ ನಗು ನನ್ನ ಹಿಂದೆಯೇ ಗೋದಾಮಿನವರೆಗೂ ಬಂತು.

ಕೆಲಸ ಕೊಟ್ಟವಳು ಸೋನಾಬಾಯಿ, ಒಂದು ಸಣ್ಣ ಕಂಪನಿಯ ಒಡತಿ. ಅವಳ ಕಾಡಿನ ಪರದೆ ಹರಿದುಹೋಗಿತ್ತು. "ಮುಂದಿನ ಆಟದೊಳಗ ಹೊಸಾದು ಆಗತೈತೇನು?" ಎಂದಳು. "ಆಗತೈತ್ರಿ" ಎಂದೆ.

ಕೊನೆಗೂ ಒಂದು ದಿನ ಚಹಾಕ್ಕೆ ಹೋಗದೆ ಕುಂಚ ಹಿಡಿದೆ. ತಪ್ಪಾದರೆ ಗತಿಯೇನು ಎಂಬ ಭಯಕ್ಕೆ ಉಸಿರು ಬಿಗಿಹಿಡಿದು, ಗೊತ್ತಿದ್ದುದನ್ನೆಲ್ಲ ಭರಭರನೆ ಬರೆದು ಮುಗಿಸಿದೆ. ಸೋನಾಬಾಯಿ ಬಂದಳು. ಬಾಗಿಲು ಮುಚ್ಚಿ, ದೀಪ ಹಚ್ಚಿಸಿ, ದೂರ ನಿಂತು ನೋಡಿದಳು.

"ಅಯ್ಯಯ್ಯ! ಥೇಟ್ ಮೌನಪ್ಪನ ಕೈ! ಇನ್ನ ಆ ಮುದುಕನ ಕಾಲು ಹಿಡಿಯೋದು ತಪ್ಪಿತು ನೋಡ ತಂಗಿ. ಇನ್ಮುಂದ ಎಲ್ಲಾ ಪರದಿ ನೀನ ಬರಿ. ಹಿಂಗ ಇರಬೇಕು ಮತ್ತ, ಒಂದ ಎಲಿ ಸೈತ ಆಕಡೆ ಈಕಡೆ ಆಗಬಾರದು."

ಅವಳು ಹೋದಮೇಲೆ ಕುಣಿಯಬೇಕಿತ್ತು. ನಾನು ಪರದೆಯ ಹತ್ತಿರ ಹೋದೆ. ನಾನು ಬರೆದ ಆಲದ ಮರದ ಎಲೆಗಳೆಲ್ಲ ಎಡಕ್ಕೆ ವಾಲಿದ್ದವು. ಮಾಸ್ತರರ ಎಲೆಗಳೂ ಹಾಗೆಯೇ. ಅದು ಅವರ ಶೈಲಿಯೆಂದು ಜನ ಹೊಗಳುತ್ತಿದ್ದರು. ಆದರೆ ನನಗೆ ಗೊತ್ತಿತ್ತು: ಹಿಂದೊಮ್ಮೆ ಏಣಿಯಿಂದ ಬಿದ್ದು ಅವರ ಮಣಿಕಟ್ಟು ಮುರಿದಿತ್ತು, ಮೂಳೆ ಸೊಟ್ಟಗೆ ಕೂಡಿತ್ತು, ಕೈ ಬಲಕ್ಕೆ ತಿರುಗುತ್ತಲೇ ಇರಲಿಲ್ಲ. ನನ್ನ ಮಣಿಕಟ್ಟಿಗೆ ಯಾವ ದೊಡ್ಡ ರೋಗ ಬಂದಿತ್ತು? ಅವರ ಮುರಿದ ಕೈಯನ್ನು ನಾನು ಕಲೆಯೆಂದು ಕಲಿತುಕೊಂಡು ಬಂದಿದ್ದೆ!

ಆಗ ಹುಟ್ಟಿದ ಹೆದರಿಕೆಯ ಮುಂದೆ ಬಿಳಿ ಬಟ್ಟೆಯ ಹೆದರಿಕೆ ಏನೇನೂ ಅಲ್ಲ. ಸೋತಿದ್ದರೆ ಮಾಸ್ತರರ ಕುಂಚ ತೊಳೆಯಬೇಕಿತ್ತು. ಗೆದ್ದದ್ದಕ್ಕೆ ಜೀವಮಾನವಿಡೀ ಅವರ ಎಲೆಗಳನ್ನೇ ಬರೆಯಬೇಕಾಗಿ ಬಂದಿತ್ತು.

ಅಂಟಿನ ಬಣ್ಣ ನೀರು ತಾಗಿದರೆ ಬಿಟ್ಟುಕೊಳ್ಳುತ್ತದೆ. ಹಳೆಯ ಪರದೆ ತೊಳೆದು ಹೊಸದು ಬರೆಯುವುದು ನಮ್ಮಲ್ಲಿ ಮಾಮೂಲು. ಆದರೆ ಒಪ್ಪಿಗೆಯಾದ ಹೊಸ ಪರದೆಯನ್ನು ಯಾರೂ ಕೆರೆಗೆ ಹೊತ್ತುಕೊಂಡು ಹೋಗಿರಲಿಲ್ಲ. ನಾನು ಹೊತ್ತುಕೊಂಡು ಹೋದೆ. ಸುದ್ದಿ ತಿಳಿದು ಸೋನಾಬಾಯಿ ಓಡಿ ಬರುವಷ್ಟರಲ್ಲಿ ಅರ್ಧ ಕಾಡು ನೀರುಪಾಲಾಗಿತ್ತು.

"ಹುಚ್ಚ ಹಿಡದೈತೇನ ನಿನಗ? ನಾಡಿದ್ದ ಆಟ! ರಾಜನ ಪಾರ್ಟ ಮಾಡೋ ನಮ್ಮ ಅಡಿವೆಪ್ಪ ಆ ಎಡಗಡಿ ಆಲದ ಬುಡಕ್ಕ ಕುಂತ್ರನ ಮಾತು ಹೊರಡತಾವು. ಈಗ ಎಲ್ಲಿ ಕುಂಡ್ರಬೇಕಂವ?"

"ಬ್ಯಾರೆ ಬರದ ಕೊಡತೀನ್ರಿ, ಅಕ್ಕಾ."

"ಆಟ ಕೆಟ್ಟರ ಯಾವ ಕಂಪನಿನೂ ನಿನ್ನ ಬಾಗಲಾ ತುಳಿಯಂಗಿಲ್ಲ. ನಾನ ನಿಂತು ನೋಡಕೋತೀನಿ."

ಮತ್ತೆ ಅದೇ ಬಿಳಿ ಬಟ್ಟೆ, ಅದೇ ಗೋಡೆ. ಅಳು ಬಂತು, ಅತ್ತುಬಿಟ್ಟೆ. ಹೆದರಿಕೆ ಹೋದಮೇಲೆ ಬರೆಯೋಣವೆಂದರೆ ಅದು ಹೋಗುವಂತೆ ಕಾಣಲಿಲ್ಲ, ಜೊತೆಗೇ ಇರಲಿ ಎಂದುಕೊಂಡೆ. ಒಂದು ಹರಕು ಬಟ್ಟೆಯ ಮೇಲೆ ಎಲೆ ಬರೆದು, ಒರೆಸಿ, ಮತ್ತೆ ಬರೆದು, ನನ್ನ ಕೈ ಎತ್ತ ತಿರುಗುತ್ತದೆಂದು ಹುಡುಕಿದೆ. ಗೋದಾಮಿನ ಹಿಂದೆ ಬೇವಿನ ಮರವಿತ್ತು. ಹೋಗಿ ಅದರ ಬುಡದಲ್ಲಿ ಕುಳಿತು ಬಂದೆ. ನಾಟಕದ ಕಾಡಿಗೆ ಬೇವನ್ನು ಯಾರು ಬರೆಯುತ್ತಾರೆ? ನಾನು ಬರೆದೆ, ಅದೂ ಬಲಗಡೆ. ಎಡಕ್ಕೆ ಬರೀ ಬಿಸಿಲು ಬರೆದೆ.

ಆಟದ ದಿನ ಪರದೆಯ ಪಕ್ಕದ ಮರೆಯಲ್ಲಿ ನಿಂತಿದ್ದೆ. ಕಾಡುಪಾಲಾದ ರಾಜನಾಗಿ ಅಡಿವೆಪ್ಪ ಬಂದ. ರೂಢಿಯಂತೆ ನೇರ ಎಡಕ್ಕೆ ನಡೆದ. ಮರವಿಲ್ಲ. ನಿಂತುಬಿಟ್ಟ. ಒಳಗಿನಿಂದ ಮಾತು ಎತ್ತಿಕೊಟ್ಟರೂ ಅವನ ಬಾಯಿ ತೆರೆಯಲಿಲ್ಲ. ಜನ ಗುಸುಗುಸು ಎನ್ನತೊಡಗಿದರು. ಸೋನಾಬಾಯಿಯ ಉಗುರು ನನ್ನ ತೋಳಿಗೆ ಇಳಿಯಿತು.

"ಮುಗೀತು ನಿನ್ನ ಕತಿ" ಎಂದಳು.

ಅಡಿವೆಪ್ಪ ಜನರಿಗೆ ಬೆನ್ನು ಮಾಡಿ ಪರದೆಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದ. ಹೆಗಲ ವಸ್ತ್ರ ತೆಗೆದು ಕತ್ತಿನ ಬೆವರು ಒರೆಸಿಕೊಂಡ. ಆಮೇಲೆ ನಿಧಾನಕ್ಕೆ ಬಲಕ್ಕೆ ನಡೆದು ಬೇವಿನ ಬುಡದಲ್ಲಿ ಕುಳಿತ. ಕುಳಿತವನು ಒಂದು ಕ್ಷಣ ತನ್ನ ಪಾದಗಳನ್ನು ನೋಡಿಕೊಂಡು, ನಾನು ಬರೆದ ಬಿಸಿಲು ತಾಗದಂತೆ ಅವುಗಳನ್ನು ಬೇವಿನ ನೆರಳಿನೊಳಗೆ ಎಳೆದುಕೊಂಡ.