ಖಾಲಿ ಬೀದಿಯ ಡಂಗುರ

ದ್ರಾಕ್ಷಿ ಕೊಯ್ಲಿನ ವಾರ ನಮ್ಮ ಕೆಳಗೇರಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಎಲ್ಲರೂ ಗುಡ್ಡದ ಮೇಲಿನ ಧಣಿಗಳ ತೋಟಕ್ಕೆ ಹೋಗುತ್ತೇವೆ. ಅಲ್ಲೇ ಕೊಟ್ಟಿಗೆಯಲ್ಲಿ ಮಲಗುತ್ತೇವೆ. ಬೀದಿಯಲ್ಲಿ ಉಳಿಯುವುದು ಹೆಬ್ಬಾತುಗಳು, ಮತ್ತೆ ಕಿವಿ ಕೇಳದ ಒರ್ಶಿ ಅಜ್ಜಿ.

ಅಂಥದೊಂದು ಬೆಳಿಗ್ಗೆ ಪುರಸಭೆಯ ಡಂಗುರದವನು ವೆಂದೆಲ್ ನಮ್ಮ ಬಾವಿಕಟ್ಟೆಯ ಹತ್ತಿರ ನಿಂತು ಡೋಲು ಬಡಿದ. ಬಾಗಿಲುಗಳಿಗೆಲ್ಲ ಬೀಗ. ಆದರೂ ಗಂಟಲು ಸರಿಮಾಡಿಕೊಂಡು ಓದಿದ.

"ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಸಾರ್ವಜನಿಕರ ಆರೋಗ್ಯದ ದೃಷ್ಟಿಯಿಂದ ಕೆಳಗೇರಿಯ ಬಾವಿಯನ್ನು ಮುಚ್ಚಿ ಸೋಡಾ ಕಾರ್ಖಾನೆಯ ವಶಕ್ಕೆ ಕೊಡಲು ಪುರಸಭೆ ಠರಾವು ಮಾಡಿದೆ. ತಕರಾರು ಇದ್ದವರು ಸಾರಿದ ಜಾಗದಲ್ಲೇ, ಸಾರಿದ ಹೊತ್ತಿನಲ್ಲೇ ಹೇಳತಕ್ಕದ್ದು. ಇಲ್ಲವಾದರೆ ಒಪ್ಪಿದಂತೆ."

ಪದ್ಧತಿಯಂತೆ ಸ್ವಲ್ಪ ಹೊತ್ತು ಕಾದ. ಒಂದು ಹೆಬ್ಬಾತು ಕೂಗಿತು, ಅಷ್ಟೇ.

ಆರೋಗ್ಯವಂತೆ ಆರೋಗ್ಯ. ನಮ್ಮ ಆರೋಗ್ಯ ಕೆಡಿಸುವ ನೀರು ಸೀಸೆಗೆ ಹೋಗಿ ಗ್ಯಾಸು ತುಂಬಿಸಿಕೊಂಡ ಕೂಡಲೇ ದೊಡ್ಡವರ ಹೊಟ್ಟೆಗೆ ಅಮೃತವಾಗಿಬಿಡುತ್ತದೆ. ಸೋಡಾ ಕಾರ್ಖಾನೆ ಪುರಸಭೆಯ ಅಧ್ಯಕ್ಷರ ಭಾವಮೈದುನನದು. ಬಾವಿ ಹೋದರೆ ನಮಗೆ ತಿಸಾ ಹೊಳೆಯೇ ಗತಿ. ಮೇಲುಗಡೆ ಚರ್ಮ ಹದಮಾಡುವ ಕಾರ್ಖಾನೆಯ ಕೊಳಕೆಲ್ಲ ಅದಕ್ಕೇ ಸೇರುತ್ತದೆ. ಆ ನೀರು ಕುಡಿದ ಕೂಸುಗಳನ್ನು ಮಣ್ಣಿಗಿಟ್ಟು ಬಂದವರು ನಾವು.

ಠರಾವು ಆದದ್ದು ಹಿಂದಿನ ದಿನದ ಸಭೆಯಲ್ಲಿ. ಬೀದಿದೀಪದ ಎಣ್ಣೆ, ಹೆಬ್ಬಾತು ಬೀದಿಗೆ ಬಿಟ್ಟವರಿಗೆ ದಂಡ, ಸೂಲಗಿತ್ತಿಯ ಅರ್ಜಿ ಮುಂದಿನ ಸಭೆಗೆ. ಅವುಗಳ ನಡುವೆ ನಮ್ಮ ಬಾವಿಯೂ ಒಂದು. ಚಕ್ರವರ್ತಿಯ ಪಟದ ಕೆಳಗೆ ಕೂತ ಸದಸ್ಯರು ಆಕಳಿಸುತ್ತಾ ಕೈ ಎತ್ತಿದರು. ಬಾಗಿಲಲ್ಲಿ ನಿಂತಿದ್ದ ವೆಂದೆಲ್‌ನ ಕೈಗೆ ಕಾರ್ಯದರ್ಶಿ ತಿಹಾಮೇರ್ ಕಾಗದ ಕೊಟ್ಟ.

"ನಾಳೆ ಬೆಳಿಗ್ಗೇನೆ ಸಾರಿಬಿಡು."

"ನಾಳೆ ಕೆಳಗೇರೀಲಿ ಯಾರೂ ಇರಲ್ಲ ಸ್ವಾಮಿ. ಕೊಯ್ಲು ಮುಗೀಲಿ..."

"ಸಾರೋದು ನಿನ್ ಕೆಲ್ಸ. ಕೇಳೋದು ಅವ್ರ ಕೆಲ್ಸ. ಅವ್ರ ಕೆಲ್ಸ ನೀನ್ಯಾಕೆ ಮೈಮೇಲೆ ಹಾಕ್ಕೋತೀಯ?"

ವೆಂದೆಲ್ ಎದುರು ಮಾತಾಡುವ ಪೈಕಿ ಅಲ್ಲ. ಹೆಂಡತಿ ಸತ್ತ ಮೇಲೆ ಪುರಸಭೆಯ ಹಿತ್ತಲಿನ ಕೋಣೆಯಲ್ಲಿ ಒಬ್ಬನೇ ಇದ್ದ. ಅವನ ಡೋಲು ಕೇಳಿಸಿದರೆ ತೆರಿಗೆ, ಇಲ್ಲ ಜಪ್ತಿ, ಇಲ್ಲ ಹರಾಜು. ಅವನನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೆಂಡದಂಗಡಿಯಲ್ಲಿ ಅವನು ಕೂತ ಬೆಂಚಿನಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲ. ನಮ್ಮ ಬಾವಿಯ ಸಾಲಿನಲ್ಲಿ ಮಾತ್ರ ಅವನಿಗೂ ಹಿಂದೊಬ್ಬರು ಮುಂದೊಬ್ಬರು ಇರುತ್ತಿದ್ದರು. ಪುರಸಭೆಯ ಅಂಗಳದಲ್ಲೇ ಬೇರೆ ಬಾವಿ ಇತ್ತು. ಆದರೂ ಬಕೆಟ್ಟು ಹಿಡಿದು ಅಷ್ಟು ದೂರ ನಮ್ಮಲ್ಲಿಗೇ ಬರುತ್ತಿದ್ದ. ಯಾಕೆಂದು ಯಾರೂ ಕೇಳಲಿಲ್ಲ.

ಅವತ್ತು ಡೋಲಿಗೆ ನೆಲ ಅದುರಿ ಒರ್ಶಿ ಅಜ್ಜಿ ಹೊರಗೆ ಬಂದಳು.

"ಯಾರ ಮನೆ ಹರಾಜೋ, ವೆಂದೆಲ್?"

"ಬಾವಿ, ಅಜ್ಜಿ. ಬಾವಿ." ಕೂಗಿ ಕೂಗಿ ಬಾವಿಯ ಕಡೆ ಕೈ ತೋರಿಸಿದ.

"ಬಾಯಾರ್ಕೆನಾ? ಸೇದ್ಕೊಂಡು ಕುಡಿಯಪ್ಪ. ಅದಕ್ಕೆ ಯಾರನ್ನ ಕೇಳ್ಬೇಕು?"

ವೆಂದೆಲ್ ಸೇದಿ ಕುಡಿದ. ಡೋಲು ಬೆನ್ನಿಗೇರಿಸಿಕೊಂಡು ಗುಡ್ಡ ಹತ್ತಿದ. ಇದನ್ನೆಲ್ಲ ಆಮೇಲೆ ಅವನೇ ನನಗೆ ಹೇಳಿದ್ದು.

ತೋಟದಲ್ಲಿ ಅವನನ್ನು ನೋಡಿ ನಾವು ಮುಖ ತಿರುಗಿಸಿದೆವು. ನಮ್ಮಲ್ಲಿ ಬಾಯಿ ಜೋರಿನವಳು ತೆರ್ಕಾ. "ಬಂತಪ್ಪ ಪೀಡೆ. ಹರಾಜು ಹಾಕೋಕೆ ಇಲ್ಲಿ ಕತ್ತರಿ ಬಿಟ್ರೆ ಏನೂ ಇಲ್ಲ ಕಣಯ್ಯ," ಅಂದಳು.

ಅವನು ಡೋಲು ಬಡಿದು ಕಾಗದ ಓದಿದ. ಕತ್ತರಿಗಳ ಸದ್ದು ನಿಂತಿತು.

"ಇಲ್ಲಿಗೆ ಬಂದು ಸಾರು ಅಂತ ಯಾರಂದ್ರು?" ತೆರ್ಕಾ ಕೇಳಿದಳು.

"ಯಾರೂ ಅನ್ಲಿಲ್ಲ ಕಣವ್ವ. ಅಲ್ಲಿ ಯಾರೂ ಇರ್ಲಿಲ್ಲ. ಅದಕ್ಕೆ ಬಂದೆ."

ಬುಟ್ಟಿ ಇಟ್ಟು ಎಲ್ಲರೂ ಪುರಸಭೆಗೆ ಇಳಿದೆವು. ಆ ದಿನದ ಕೂಲಿಗೆ ಕಲ್ಲು ಬಿತ್ತು. ತಿಹಾಮೇರ್ ತಲೆ ಎತ್ತಲಿಲ್ಲ.

"ಬಾವಿಕಟ್ಟೇಲಿ ಸಾರಿದಾಗ ಯಾರೂ ತಕರಾರು ಹೇಳ್ಲಿಲ್ಲ. ಗುಡ್ಡ ಊರ ಎಲ್ಲೆಯಿಂದ ಆಚೆ. ಅಲ್ಲಿ ಹೊಡೆದದ್ದು ಡಂಗುರ ಅಲ್ಲ, ಬರೀ ಸದ್ದು."

"ನಮಗೆ ಕೇಳಿಸ್ತಲ್ಲ ಸ್ವಾಮಿ."

"ಕೇಳಿಸಿದ್ರೂ ಕೇಳಿಸ್ದಂಗಲ್ಲ."

ಕೊಯ್ಲು ಮುಗಿಸಿ ಬರುವಷ್ಟರಲ್ಲಿ ಬಾವಿಗೆ ಹಲಗೆ ಬಡಿದು ಬೀಗ ಹಾಕಿದ್ದರು. ವೆಂದೆಲ್‌ನನ್ನೂ ಕೆಲಸದಿಂದ ತೆಗೆದರು. ಆದರೆ ನಮ್ಮ ಪುರಸಭೆಯಲ್ಲಿ ಯಾವ ಠರಾವೂ ಸಾರಿದ ಮೇಲೇ ಜಾರಿ. ಬೇರೆ ಯಾರೂ ಡೋಲು ಮುಟ್ಟಲು ಬರಲಿಲ್ಲ. "ನಿನ್ನನ್ನ ತೆಗೆದದ್ದು ನೀನೇ ಸಾರು. ಆಮೇಲೆ ಡೋಲು ಇಟ್ಟು ಹೋಗು," ಅಂದ ತಿಹಾಮೇರ್. ಇಂಥ ನಾಚಿಕೆಗೆಟ್ಟ ಮಾತು ಹೇಳಲು ಓದಿದವರೇ ಆಗಬೇಕು.

ಬೀಗ ಬಿದ್ದ ಬಾವಿಯ ಹತ್ತಿರ ವೆಂದೆಲ್ ನಿಂತ. ಡೋಲು ಬಡಿದ. ಈ ಸಲ ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ.

"ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಊರ ಎಲ್ಲೆ ಮೀರಿ ಪುರಸಭೆಯ ಡೋಲು ಬಾರಿಸಿದ ತಪ್ಪಿಗಾಗಿ ವೆಂದೆಲ್ ಎಂಬವನನ್ನು ಕೆಲಸದಿಂದ ವಜಾ ಮಾಡಿ, ಕೋಣೆಯಿಂದ ಹೊರಹಾಕಲಾಗಿದೆ. ತಕರಾರು ಇದ್ದವರು..."

ಉಳಿದದ್ದನ್ನು ಓದದೆ ಬಿಟ್ಟ. ಆ ಸಾಲಿಗೆ ಇಷ್ಟು ವರ್ಷದಲ್ಲಿ ಒಬ್ಬರೂ ಉತ್ತರ ಕೊಟ್ಟಿರಲಿಲ್ಲ. ಕಾಗದ ಮಡಚತೊಡಗಿದ.

"ಇದೆ," ಅಂದಳು ತೆರ್ಕಾ.

"ಏನವ್ವ?"

"ತಕರಾರು. ಸಾರಿದ ಜಾಗ ಇದೇ, ಹೊತ್ತೂ ಇದೇ. ನಂಗೆ ತಕರಾರಿದೆ."

"ನಂದೂ ಇದೆ," ಅಂದೆ ನಾನು. ಆ ಬಾಗಿಲಿಂದ ಒಬ್ಬರು, ಈ ಬಾಗಿಲಿಂದ ಒಬ್ಬರು, ಬೀದಿಯೆಲ್ಲ ಅದೇ ಮಾತು. ಒರ್ಶಿ ಅಜ್ಜಿ ಎಲ್ಲರ ಮುಖ ನೋಡಿ ತಾನೂ ಕೈ ಎತ್ತಿದಳು.

ವೆಂದೆಲ್ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಯಾರಾದರೂ ತಕರಾರು ಹೇಳಿದರೆ ಮುಂದೇನು ಮಾಡಬೇಕೆಂದು ಅದರಲ್ಲಿ ಬರೆದಿರಲಿಲ್ಲ.

"ಅದ್ರಲ್ಲೇನು ಹುಡುಕ್ತೀಯ? ನಡಿ ಪುರಸಭೆಗೆ. ಡೋಲು ಹೊಡಿ. ಬಾವೀದೂ ಸೇರಿಸಿ ಅಲ್ಲೇ ಹೇಳೋಣ," ಅಂದಳು ತೆರ್ಕಾ, ಖಾಲಿ ಬಕೆಟ್ಟು ಎತ್ತಿಕೊಂಡು.

ಅವನು ಡೋಲು ಬಡಿಯುತ್ತ ಮುಂದೆ ನಡೆದ. ನಡುನಡುವೆ ತಿರುಗಿ ನೋಡುತ್ತಿದ್ದ. ಪ್ರತಿ ಸಲವೂ ನಾವು ಹಿಂದೆ ಇದ್ದೆವು.